ಮಾಳಿಗೆಯಿಂದ ಬಂದ ಕೂಗು

ಬ್ರೂಸ್‌ಪೇಟೆ, ಬಳ್ಳಾರಿ
ಸೋಮವಾರ, ೧೬ ಮಾರ್ಚ್ ೨೦೨೬

ಮುದ್ದಿನ ಮಗಳು ಶಾಂಭವಿಗೆ,

ನಿನ್ನ ಅಪ್ಪನ ಆಶೀರ್ವಾದ. ಸಿರುಗುಪ್ಪದಲ್ಲಿ ನೀನೂ ಅಳಿಯಂದಿರೂ ಆರಾಮಾಗಿದ್ದೀರಿ ಎಂದು ನಂಬಿದ್ದೇನೆ. ನಾವು ಹೇಗಿದ್ದೇವೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಲು ಆಗುವುದಿಲ್ಲ, ಅದಕ್ಕೇ ಈ ಕಾಗದ. ಶಿವರಾತ್ರಿಯ ಮರುದಿನವೇ ಬರೆಯಬೇಕೆಂದು ಕೂತಿದ್ದೆ. ನಿನ್ನ ಹೆಸರು ಬರೆದು, ಹಾಳೆ ಮಡಚಿ ಇಟ್ಟುಬಿಟ್ಟೆ. ತಡ ಮಾಡಿದ್ದಕ್ಕೆ ಕ್ಷಮಿಸು ಎಂದು ಮಗಳನ್ನು ಕೇಳುವುದು ಹೇಗೋ ಗೊತ್ತಿಲ್ಲ. ಆದರೂ ಕೇಳುತ್ತೇನೆ.

ಫೋನು ಇಲ್ಲವೇನಪ್ಪ ಅನ್ನುತ್ತೀ. ಇದೆ. ಆದರೆ ನಿನ್ನ ಫೋನು ಬಂದಾಗ ನಿಮ್ಮವ್ವ ಪಕ್ಕದಲ್ಲೇ ಇರುತ್ತಾಳೆ. ಆಕೆ ಇಲ್ಲದಾಗ ನಾನೇ ಮಾಡಿದರೆ, ಊಟ ಆತಾ ಎಂಬುದರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಕೂತು ಊರಿಗೆಲ್ಲ ಮಾತು ಮಾರಿದವನ ಸ್ಥಿತಿ ಇದು.

ನಿಮ್ಮವ್ವ ಚೆನ್ನಾಗಿದ್ದಾಳೆ. ಮೊದಲು ಇದನ್ನು ಹೇಳಬೇಕಿತ್ತು. ಹೋದ ವರ್ಷ ಮಾಳಿಗೆಯ ಬಿಸಿಲಲ್ಲಿ ಬಿದ್ದು ಕೆಟ್ಟಿದ್ದ ಕಿಡ್ನಿಗೆಂದು ಜನವರಿಯ ಮೊದಲ ವಾರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು, "ಕಿಡ್ನಿ ಮುಕ್ಕಾಲು ಪಾಲು ಸುಧಾರಿಸೈತಿ. ಆದ್ರ ಇನ್ನೊಂದ್ಸಲ ಹಂಗ ಬಿಸಲಾಗ ಬಿದ್ರ ನನ್ನ ಕೇಳಬ್ಯಾಡ್ರಿ" ಅಂದರು. ಆ ಕೊನೆಯ ಮಾತನ್ನು ನಿನಗೆ ಯಾರೂ ಹೇಳಿಲ್ಲ. ನಾನು ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತರೆ ಸಾಕು, ಕುರ್ಚಿಯಿಂದ ಎದ್ದು "ದಾಕ್ಷಾಯಣಿ" ಎಂದು ಕೂಗುತ್ತೇನೆ. "ಅದೀನ್ರಿ, ಎಲ್ಲಿ ಹೋಗ್ಲಿ?" ಅನ್ನುತ್ತಾಳೆ. ದಿನಕ್ಕೆ ಹತ್ತು ಸಲ ಆದರೂ ಹೀಗೆ. ನಿದ್ದೆಯಲ್ಲಿ ಆಕೆಯ ಉಸಿರು ಸ್ವಲ್ಪ ತಗ್ಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಒಮ್ಮೆ ಎಚ್ಚರವಾಗಿ ನೋಡಿ ಬೈದಳು.

ಯುಗಾದಿ ಹತ್ತಿರ ಬರುತ್ತಿದ್ದಂತೆ ಈ ಹೆದರಿಕೆ ಹೆಚ್ಚಾಯಿತು. ನಿಮ್ಮವ್ವನ ಸ್ವಭಾವ ನಿನಗೆ ಗೊತ್ತು. ಅಟ್ಟದ ಮೇಲಿನ ಹಿತ್ತಾಳೆ ತಾಮ್ರ ಎಲ್ಲ ಇಳಿಯಬೇಕು, ಗೋಡೆಯ ಜೇಡರ ಬಲೆ ಹೋಗಬೇಕು, ಮನೆಯ ಕೌದಿಗಳೆಲ್ಲ ಮಾಳಿಗೆಯ ಮೇಲೆ ಒಗೆದು ಒಣಗಬೇಕು. ಕೌದಿಗಳು ಕುರುಗೋಡಿನಲ್ಲಿ ನಿನ್ನ ಅಜ್ಜಿ ಹಳೆಯ ಸೀರೆಗಳನ್ನು ಸೇರಿಸಿ ಕೈಯಾರೆ ಹೊಲಿದ ದಪ್ಪ ಹೊದಿಕೆಗಳು, ಕೆಲಸದ ಹನುಮಮ್ಮನಿಗೂ ಮುಟ್ಟಗೊಡುವುದಿಲ್ಲ. ಸಂಕ್ರಾಂತಿ ಮುಗಿದ ವಾರವೇ "ಈ ಸಲ ಸ್ವಲ್ಪ ಲಗೂನ ಶುರು ಮಾಡಬೇಕ್ರಿ" ಅಂದಳು. ನನ್ನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು.

ಆವತ್ತು ನಿಶ್ಚಯಿಸಿದೆ, ಈ ವರ್ಷ ಹಬ್ಬದ ಕೆಲಸ ನಾನು ಮಾಡುತ್ತೇನೆ ಎಂದು.

ನಗಬೇಡ. ನಿಮ್ಮವ್ವ ನಕ್ಕಿದ್ದೇ ಸಾಕಾಗಿದೆ. ಆದರೆ ನಗುವಂಥದ್ದೇ ಇತ್ತು. ಅಂಗಡಿಯನ್ನು ನಿನ್ನ ಚಿಕ್ಕಪ್ಪನಿಗೆ ಒಪ್ಪಿಸಿ ಮನೆಯಲ್ಲಿ ಕೂತವನಿಗೆ ಅರವತ್ತೊಂದು ವರ್ಷ, ತೊಂಬತ್ತು ಕಿಲೋ. ಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು, ಹನ್ನೆರಡನೆಯದಕ್ಕೇ ನಿಂತು ಗೋಡೆ ಹಿಡಿಯುತ್ತಿದ್ದೆ. ಹಿಂದಿನ ಓಣಿಯ ಮೈಲಾರಲಿಂಗಪ್ಪ ನೆನಪಿದ್ದಾರಲ್ಲ, ನಿನ್ನ ಹೈಸ್ಕೂಲಿನ ಡ್ರಿಲ್ ಮಾಸ್ತರು? ಅವರ ಹತ್ತಿರ ಹೋಗಿ ಸಂಗತಿ ಹೇಳಿದೆ. ಅವರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎರಡು ತಿಂಗಳ ಐತಿ. ಸಾಕು. ಆದ್ರ ನಾ ಹೇಳಿದಷ್ಟ ಮಾಡಬೇಕು, ಹೆಚ್ಚಿಗಿ ಮಾಡಿದ್ರೂ ತಪ್ಪು" ಅಂದರು.

ಮರುದಿನದಿಂದ ಬೆಳಗ್ಗೆ ಆರಕ್ಕೆ ಅವರ ಜೊತೆ ನಡಿಗೆ. ಮೊದಲ ವಾರ ಬರೀ ನಡಿಗೆ. ಆಮೇಲೆ ಗೋಡೆ ಹಿಡಿದು ಐದು ಬಸ್ಕಿ, ಹತ್ತು, ಹದಿನೈದು. ಖಾಲಿ ಬಕೆಟ್ ಎರಡು ಹಿಡಿದು ಮಾಳಿಗೆ ಹತ್ತಿ ಇಳಿಯುವುದು, ವಾರವಾದ ಮೇಲೆ ಕಾಲು ಬಕೆಟ್ ನೀರು ಹಾಕಿಕೊಂಡು, ಮತ್ತೆ ಅರ್ಧ. ಭಾರ ಎತ್ತುವಾಗ ಸೊಂಟ ಬಗ್ಗಿಸಬಾರದು, ಮೊಣಕಾಲು ಮಡಚಿ ಕೂತು ಎದ್ದೇಳಬೇಕು. ಭಾನುವಾರ ಸಂಗನಕಲ್ಲಿನ ಗುಡ್ಡದವರೆಗೆ ಕರೆದುಕೊಂಡು ಹೋಗುತ್ತಿದ್ದರು. ಬಂಡೆಯ ನೆರಳಲ್ಲಿ ಕೂತು ಬಾಟಲಿ ಕೈಗೆ ಕೊಟ್ಟು, "ಬಾಯಾರಿದ ಮ್ಯಾಲೆ ಕುಡಿದ್ರ ತಡ ಆತು ಅಂತ ತಿಳಕೊಳ್ರಿ ಕೊಟ್ಟೂರಪ್ಪಾರ. ಅರ್ಧ ತಾಸಿಗೊಮ್ಮಿ ನಾಕು ಗುಟುಕು. ಬೆವರಿದ ದಿನ ಉಪ್ಪು ಹಾಕಿದ ಮಜ್ಜಗಿ" ಎಂದು ಪಾಠ ಹೇಳುತ್ತಿದ್ದರು. ಮೂತ್ರದ ಬಣ್ಣ ನೋಡಿಕೊಳ್ಳಲೂ ಹೇಳಿದರು. ಒಂದು ದಿನ ಬ್ರೂಸ್‌ಪೇಟೆಯ ನಟ್ಟನಡು ಬೀದಿಯಲ್ಲಿ ಗಟ್ಟಿಯಾಗಿ, "ಇವತ್ತು ಬಣ್ಣ ಹೆಂಗಿತ್ರಿ?" ಎಂದು ಕೇಳಿಬಿಟ್ಟರು. ಬಟ್ಟೆ ಅಂಗಡಿಯವನಲ್ಲವೇ, ಸೀರೆಯ ಬಣ್ಣ ಎಂದು ಜನ ತಿಳಿದುಕೊಂಡಿರಬೇಕು.

ನಾನು ಬಸ್ಕಿ ಹೊಡೆಯುವುದನ್ನು ನೋಡಿ ನಿಮ್ಮವ್ವ, "ಯಾರಿಗೆ ತೋರಸಾಕ್ರಿ ಇದು? ಇನ್ನೊಂದು ಮದುವಿ ಮಾಡ್ಕೊಳ್ಳಾಕ ಹೊಂಟೀರೇನು?" ಅಂದಳು. ಫೆಬ್ರವರಿ ಮುಗಿಯುವ ಹೊತ್ತಿಗೆ ಆರು ಕಿಲೋ ಇಳಿದಿದ್ದೆ. ಅರ್ಧ ಬಕೆಟ್ ಹಿಡಿದು ನಿಲ್ಲದೆ ಮೇಲಿನವರೆಗೆ ಹತ್ತುತ್ತಿದ್ದೆ. ಆದರೂ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು. ಅದು ದಣಿವಿನಿಂದ ಆಗಿದ್ದಲ್ಲ. ಒಗೆಯುವ ಕಲ್ಲಿನ ಪಕ್ಕದ ಆ ಜಾಗ ಕಣ್ಣಿಗೆ ಬೀಳುತ್ತಿತ್ತು.

ಹೋದ ಬುಧವಾರದಿಂದ ಕೆಲಸ ಶುರು ಮಾಡಿದೆ. ಮೊದಲ ದಿನ ಅಟ್ಟ. ನಿಮ್ಮವ್ವ ಕೆಳಗೆ ಸ್ಟೂಲಿನ ಮೇಲೆ ಕೂತು, ಯಾವ ಹಂಡೆ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. "ಅಡಿ ಉಳೀತ್ರಿ, ಅಡಿ" ಎಂದು ಮೂರು ಸಲ ವಾಪಸ್ ಕೊಟ್ಟಳು. ಎರಡನೆಯ ದಿನ ಜೇಡರ ಬಲೆ ಹೊಡೆದು ನೆಲ ತೊಳೆದೆ. ಶುಕ್ರವಾರ ಮೈಕೈ ನೋವೆಂದು ಮಾಸ್ತರು ರಜೆ ಕೊಟ್ಟರು. ಅರ್ಧ ತಾಸಿಗೊಮ್ಮೆ ನಾನು ಕುಡಿಯುತ್ತಿದ್ದೆ, ಆಕೆಗೂ ಕುಡಿಸುತ್ತಿದ್ದೆ. ನನಗೆ ಧೈರ್ಯ ಬಂದಿತ್ತು. ಧೈರ್ಯಕ್ಕಿಂತ ಸೊಕ್ಕು ಅನ್ನು.

ಶನಿವಾರ ಕೌದಿ. ಏಳಕ್ಕೆ ಶುರು ಮಾಡಿ ಹತ್ತರೊಳಗೆ ಕೆಳಗಿಳಿಯಬೇಕು ಎಂದು ಮಾಸ್ತರ ಆಜ್ಞೆ. ಬೆಳಗ್ಗೆ ಕರೆಂಟು ಹೋಯಿತು. ಬೋರಿನ ಮೋಟಾರು ನಡೆಯಲಿಲ್ಲ, ಟ್ಯಾಂಕು ಖಾಲಿ. ಕರೆಂಟು ಬಂದು ಟ್ಯಾಂಕು ತುಂಬುವ ಹೊತ್ತಿಗೆ ಹತ್ತೂವರೆ. "ನಾಳೆ ಮಾಡಿದ್ರಾತು ಬಿಡ್ರಿ" ಎಂದಳು ನಿಮ್ಮವ್ವ. ನಾಳೆ ನಾನು ಎದ್ದೇಳುವ ಮೊದಲೇ ಆಕೆ ಮಾಳಿಗೆ ಹತ್ತಿದರೆ? ಅದೊಂದೇ ನನ್ನ ತಲೆಯಲ್ಲಿ. "ನೀ ಮ್ಯಾಲೆ ಬರಬ್ಯಾಡ, ನನ್ನಾಣಿ ಐತಿ ನೋಡು" ಎಂದು ಹೇಳಿ ಹತ್ತಿದೆ.

ನೆನೆದ ಕೌದಿ ಎಂದರೇನೆಂದು ನನಗೆ ಅವತ್ತು ಗೊತ್ತಾಯಿತು. ಎಮ್ಮೆಯ ಕರುವನ್ನು ಎತ್ತಿದ ಹಾಗೆ. ತುಳಿದು, ಕಲ್ಲಿಗೆ ಬಡಿದು, ಹಿಂಡಿ, ಕಟ್ಟೆಯ ಮೇಲೆ ಹರವಬೇಕು. ಎಂಟರಲ್ಲಿ ಐದು ಮುಗಿಸಿದಾಗ ಬಾಟಲಿ ಖಾಲಿಯಾಗಿತ್ತು. ಬೋರಿನ ನೀರು ಬಾಯಿಗಿಟ್ಟರೆ ಉಪ್ಪು, ಉಗುಳಬೇಕು. ಕೆಳಗಿಳಿದು ಬರಬೇಕಿತ್ತು. ಇನ್ನು ಮೂರೇ ತಾನೆ ಅಂದುಕೊಂಡೆ. ಬಳ್ಳಾರಿಯ ಬಿಸಿಲು ನಿನಗೆ ಹೇಳಬೇಕೇ? ಮಾಳಿಗೆಯ ನೆಲ ಹೆಂಚಿನಂತೆ ಕಾದಿತ್ತು.

ಆರನೆಯದನ್ನು ಎತ್ತಿದಾಗ ಎರಡೂ ಮೀನಖಂಡ ಒಮ್ಮೆಲೇ ಹಿಡಿದುಕೊಂಡವು. ಕೂತೆನೋ ಬಿದ್ದೆನೋ ತಿಳಿಯಲಿಲ್ಲ. ಕಣ್ಣು ಮಂಜಾಯಿತು, ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ಮೈ ಬೆಂಕಿಯಾಗಿದ್ದರೂ ತೋಳಿನ ಕೂದಲು ನಿಂತಿತ್ತು. ನಾನು ಬಿದ್ದಿದ್ದದ್ದು ಅದೇ ಜಾಗ ಶಾಂಭವಿ, ನಿಮ್ಮವ್ವ ಹೋದ ವರ್ಷ ಬಿದ್ದಿದ್ದ ಜಾಗ. ಅಲ್ಲಿಂದ ಮೆಟ್ಟಿಲಿನ ಬಾಗಿಲು ಎಷ್ಟು ದೂರ ಕಾಣುತ್ತದೆ ಗೊತ್ತೇ? ತೆವಳಲು ನೋಡಿದೆ, ಕಾಲು ಬರಲಿಲ್ಲ. ಇಷ್ಟೇ ನನ್ನ ಆಯುಷ್ಯ ಅನ್ನಿಸಿತು. ಕೆಳಗೆ ಬೀದಿಯಲ್ಲಿ ಬೇವಿನ ಸೊಪ್ಪು ಮಾರುವವನು ಕೂಗುತ್ತಿದ್ದ. ಆ ಗದ್ದಲದಲ್ಲಿ ನನ್ನ ದನಿ ಯಾರಿಗೆ ಕೇಳೀತು? "ದಾಕ್ಷಾಯಣೀ, ನೀರು" ಎಂದು ಕೂಗಿದೆ. ಕೂಗಿದೆ ಅನ್ನುವುದಕ್ಕಿಂತ ನರಳಿದೆ. ಒಂದೇ ಸಲ. ಎರಡನೆಯ ಸಲ ಕೂಗಲು ಗಂಟಲು ಒಣಗಿತ್ತು.

ಆಕೆ ಬಂದಳು. ತಲೆಯ ಮೇಲೆ ಒದ್ದೆ ಟವೆಲು, ಒಂದು ಕೈಯಲ್ಲಿ ಮಜ್ಜಿಗೆಯ ಚೊಂಬು, ಇನ್ನೊಂದು ಕೈ ಗೋಡೆಗೆ. ಹೋದ ವರ್ಷದಿಂದ ಮಾಳಿಗೆ ಹತ್ತದವಳು ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಹನ್ನೆರಡು ಗಂಟೆಯ ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದಳು. ನನ್ನ ಜೀವ ಹೋಗುತ್ತದೆಂಬ ಹೆದರಿಕೆ ಅಲ್ಲೇ ಹಾರಿಹೋಗಿ, ಆಕೆಯ ಜೀವದ ಹೆದರಿಕೆ ಹೊಕ್ಕಿತು. "ಇಳೀ! ಕೆಳಗ ಹೋಗಲೇ! ಸಾಯಾಕ ಬಂದಿಯೇನು?" ಎಂದು ಬಡಬಡಿಸಿದೆ. ಇಷ್ಟು ವರ್ಷದಲ್ಲಿ ಆಕೆಗೆ ಹಾಗೆ ಅಂದವನಲ್ಲ. ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ಟವೆಲು ತೆಗೆದು ನನ್ನ ತಲೆಗೆ ಹಾಕಿ, ಕಂಕುಳಲ್ಲಿ ಕೈಕೊಟ್ಟು ಟ್ಯಾಂಕಿನ ನೆರಳಿಗೆ ಎಳೆದಳು. ಅಷ್ಟು ಶಕ್ತಿ ಎಲ್ಲಿತ್ತೋ! "ಮೊದ್ಲು ಕುಡೀರಿ. ಗಟಗಟ ಬ್ಯಾಡ, ಗುಟುಕು ಗುಟುಕು" ಅಂದಳು. ಅರ್ಧ ಕುಡಿದು, "ನೀನೂ ನಾಕು ಗುಟುಕು ಕುಡಿದ್ರ ಮಾತ್ರ ನಾ ಮತ್ತ ಬಾಯಿ ತೆರಿತೀನಿ" ಎಂದೆ. ಕುಡಿದಳು. ಆಮೇಲೆ ಕಟ್ಟೆಯಿಂದ ಬಗ್ಗಿ ಬೇವಿನ ಸೊಪ್ಪಿನವನನ್ನು ಕೂಗಿ, ಮೈಲಾರಲಿಂಗಪ್ಪನವರಿಗೆ ಹೇಳಿ ಕಳಿಸಿದಳು.

ಮಾಸ್ತರು ಓಡಿ ಬಂದು ನನ್ನನ್ನು ಹೆಗಲು ಕೊಟ್ಟು ಇಳಿಸಿದರು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಎರಡು ಬಾಟಲಿ ಸಲೈನ್ ಹಾಕಿದರು. ಗಾಬರಿಯಾಗಬೇಡ, ಈಗ ಏನೂ ತೊಂದರೆ ಇಲ್ಲ. ನಿಮ್ಮವ್ವನ ರಕ್ತವನ್ನೂ ಹಟ ಮಾಡಿ ಪರೀಕ್ಷೆ ಮಾಡಿಸಿದೆ, ಜನವರಿಯಲ್ಲಿ ಇದ್ದಂತೆಯೇ ಇದೆ. ಮಾಸ್ತರು ಮಾತ್ರ ನನ್ನ ಮಂಚದ ಪಕ್ಕ ನಿಂತು, "ಎರಡು ತಿಂಗಳ ಕಾಲಿಗೆ ಬಲ ಕೊಟ್ಟೆ. ಬಾಟ್ಲಿ ತುಂಬಿಸ್ಕೊಂಡು ಬರೋ ಬುದ್ಧಿ ಕೊಡಾಕ ಆಗ್ಲಿಲ್ಲ ನೋಡ್ರಿ" ಅಂದರು.

ಮೂರು ಕೌದಿ ಹಾಗೇ ಉಳಿದಿವೆ. ನಿನ್ನೆ ನಿಮ್ಮವ್ವ ಅವುಗಳನ್ನು ನೆರಳಲ್ಲಿ ಕೊಡವಿ, ಮಡಚಿ ಇಟ್ಟು, "ಒಗೀದಿದ್ರ ಯುಗಾದಿ ಬರೂದಿಲ್ಲೇನು? ಬರ್ತೈತಿ" ಅಂದಳು. ಆ ಮಾತು ಆಕೆಯ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹಬ್ಬ ಗುರುವಾರ. ನೀನು ಬರುವುದಿಲ್ಲ ಅಂದಿದ್ದೀ. ಹೋದ ವಾರ ಫೋನಿನಲ್ಲಿ ಅವ್ವನ ಮೇಲೆ ಹರಿಹಾಯ್ದೆಯಲ್ಲ, "ನೀರು ಕುಡಿಯಾಕೂ ಒಬ್ಬರು ಹೇಳಬೇಕೇನು ನಿನಗ? ನಿನ್ನ ಮರವಿನಿಂದ ನಮ್ಮೆಲ್ಲರ ಜೀವ ತಿಂದಿ. ಮತ್ತ ಅದನ್ನ ನೋಡಾಕ ನಾ ಬರೂದಿಲ್ಲ" ಎಂದು. ನಿನ್ನ ಸಿಟ್ಟಿನ ಒಳಗೂ ಹೆದರಿಕೆಯೇ ಇದೆ, ನನಗೆ ಗೊತ್ತು. ಫೋನು ಇಟ್ಟ ಮೇಲೆ ಆಕೆ ಬಹಳ ಹೊತ್ತು ಗೋಧಿ ಹಸನು ಮಾಡುತ್ತ ಕೂತಿದ್ದಳು. ಹಸನಾದ ಗೋಧಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು.

ಈ ಕಾಗದವನ್ನು ಮೈಲಾರಲಿಂಗಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವರು ತಂಗಿಯ ಮನೆಗೆಂದು ಸಿರುಗುಪ್ಪಕ್ಕೆ ಬರುತ್ತಿದ್ದಾರೆ. ಊಟ ಮಾಡಿಸಿ ಕಳಿಸು. ಬಿಸಿಲಲ್ಲಿ ಸ್ಕೂಲಿಗೆ ಹೋಗುವಾಗ ಬಾಟಲಿ ಮರೆಯಬೇಡ, ನೀನು ಪಾಠ ಹೇಳುವ ಹುಡುಗರಿಗೂ ಹೇಳು. ನಿನ್ನ ಸಂಸಾರ ತಂಪಾಗಿರಲಿ. ಹೊಸ ವರ್ಷ ನಿನಗೆ ಬೇವಿಗಿಂತ ಬೆಲ್ಲವನ್ನೇ ಹೆಚ್ಚು ಉಣಿಸಲಿ.

ನಿನ್ನ ಅಪ್ಪ,
ಕೊಟ್ಟೂರಪ್ಪ

ತಾ.ಕ.: ಇಷ್ಟೆಲ್ಲ ಬರೆದರೂ ಬರೆಯಬೇಕಾದದ್ದನ್ನು ಬರೆದಿಲ್ಲ. ನಿಮ್ಮವ್ವ ಹೋದ ವರ್ಷ ನೀರು ಕುಡಿಯುವುದನ್ನು ಮರೆತಿರಲಿಲ್ಲ. ಅವತ್ತು ಭಾನುವಾರ, ಅಂಗಡಿಗೆ ರಜೆ. ನಾನು ಕೂಲರಿನ ಮುಂದೆ ಮಲಗಿ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಆಕೆ ಮಾಳಿಗೆಯಿಂದ "ಒಂದು ಚೊಂಬು ನೀರು ತರ್ರಿ" ಎಂದು ಕೂಗಿದಳು. "ಬಂದೆ" ಅಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗಿದಳು, "ತಲಿ ತಿರಗಾಕ ಹತ್ತೈತ್ರಿ" ಎಂದು. "ಬಂದೆ ಮಾರಾಯ್ತಿ" ಅಂದೆ, ಹೋಗಲಿಲ್ಲ. ಹಾಗೇ ನಿದ್ದೆ ಬಂತು. ಎಚ್ಚರವಾದಾಗ ಎರಡೂವರೆ. ಆಸ್ಪತ್ರೆಯಲ್ಲಿ ಆಕೆಗೆ ಮಾತು ಬಂದ ದಿನ ನೀನು "ನೀರು ಯಾಕ ಕುಡೀಲಿಲ್ಲವ್ವ?" ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿ, "ಮರತೆನವ್ವ" ಅಂದಳು. ಅಲ್ಲ ಎಂದು ಹೇಳಲು ನನಗೆ ಒಂದು ವರ್ಷ ಬೇಕಾಯಿತು. ನೀನು ಆಕೆಗೆ ಬೈದಾಗಲೆಲ್ಲ ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಇನ್ನು ಬೈಯುವುದಿದ್ದರೆ ನನಗೆ ಬೈ. ಇದನ್ನು ಓದಿದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ನಾನು ಯಾಕೆ ಎಂದು ಕೇಳುವುದಿಲ್ಲ. ಆದರೆ ಮೊದಲು ಅವ್ವನಿಗೆ ಫೋನು ಮಾಡು.