ಖಂಡೇನವಮಿಯ ಕುಂಕುಮ

೧ ಅಕ್ಟೋಬರ್ ೨೦೨೫, ಬುಧವಾರ. ಚಿಂಚವಾಡ.

ಇವತ್ತ ಕಂಪನಿಯೊಳಗ ಖಂಡೇನವಮಿ ಆಯುಧಪೂಜಾ ಆತು. ಹೋದ ವರ್ಷ ನಮ್ಮ ಆಪರೇಟರ್ ಮಾಂತೂನ ಬಲಗೈ ಬೆರಳಷ್ಟೂ ತಿಂದ, ತಗಡು ಒತ್ತೂ ಪ್ರೆಸ್ಸಿಗೇ ಎಲ್ಲಾಕಿಂತ ದೊಡ್ಡ ಝೆಂಡು ಹೂವಿನ ಮಾಲಿ. ಪೂಜಾ ಮಾಂತೂನ ಕಡಿಂದನ ಮಾಡಸೂಣು, ಫೋಟೊ ಚಲೋ ಬರತದ ಅಂದಾಕಿ ನಾನ. ನಮ್ಮಂಥ ಎಚ್‌ಆರ್‌ನವರಿಗೆ ಪಗಾರ ಕೊಡೂದ ಇದಕ್ಕ.

ಪರದೇಶದ ಹೆಡ್ ಆಫೀಸಿಂದ ಗೋರಾ ಸಾಹೇಬರು ಬಂದಿದ್ರು. ಅವರ ದೇಶದಾಗ ಇದ ಪ್ರೆಸ್ಸಿಗೆ ಕೈ ಹೋಗದಂಗ ಜಾಳಿಗಿ ಅದ. ಇಲ್ಲೆ ಕೆಲಸ ನಿಧಾನ ಆಗತದಂತ ತಗಿಸ್ಯಾರ.

ಮಾಂತು ಎಡಗೈಲೆ ಕುಂಕುಮ ತಗೊಂಡ. ನಮ್ಮ ಬೆಳಗಾವಿಯವರ ಆದ ಮ್ಯಾನೇಜರ್ ಪ್ರಲ್ಹಾದರಾವ್ ಗದರಿದ್ರು: "ಎಡಗೈಲೆ ಪೂಜಾ ಮಾಡತಾರೇನೋ? ಬಲಗೈಲೆ ಹಚ್ಚೋ!"

ಅಂವ ಕಿಸೆದಾಗಿನ ಬಲಗೈ ಹೊರಗ ತಗದ. ಬೆರಳಿಲ್ಲದ ಆ ಮೋಟುಗೈ ಕುಂಕುಮದಾಗ ಅದ್ದಿ, ಪ್ರೆಸ್ಸಿಗೆ ಒತ್ತಿ ಹಿಡದ. ಸಾಹೇಬರು ಚಪ್ಪಾಳಿ ಹೊಡದ್ರು. ನಾನೂ ಹೊಡದೆ.

ಈಗ ಹೆಡ್ ಆಫೀಸಿಂದ ಮೇಲ್ ಬಂದದ. ಫೋಟೊ ಭಾಳ ಸುಂದರ ಅದಂತ, ಆದರ ಕೈಗೆ ಹತ್ತಿದ ಕೆಂಪು ರಕ್ತದಂಗ ಕಾಣತದಂತ. ಬ್ಯಾರೆ ಕಳಸಬೇಕಂತ.

ನಾಳೆ ದಸರಾ, ರಜಾ. ಆದರೂ ಮಾಂತೂನ್ನ ಕರಸಬೇಕು. ಈ ಸಲ ಅರಿಷಿಣ ಹಚ್ಚಸ್ತೇನಿ.