ಸ್ಟೇಟಸ್ಸಿನ ಮೊಮ್ಮಗ

ಜನವರಿ 6, ಸೋಮವಾರ. ಬೆಳಿಗ್ಗೆ

ಲಿಂಗಪೂಜೆ ಆಯಿತು. ಎಮ್ಮೆ ಹಿಂಡಿದ್ದೂ ಆಯಿತು. ಆಮೇಲೆ ಮೊಬೈಲು. ಮಗಳು ನೇತ್ರಾ ಸ್ಟೇಟಸ್ ಇಟ್ಟಿದ್ದಾಳೆ — ಕೂಸು ಬೋರಲು ಬಿದ್ದು, ತಲೆ ಎತ್ತಿ ನಗುತ್ತಿದೆ. ಯಶ ಅಂತ ಹೆಸರು. ಅದೂ ಸ್ಟೇಟಸ್ ನೋಡಿಯೇ ಗೊತ್ತಾಗಿದ್ದು.

ಮಗಳು ಹುಕ್ಕೇರಿಯ ಜೈನರ ಭೂಪಾಲನನ್ನು ಮದುವೆಯಾದಾಗಿನಿಂದ ನಮ್ಮ ಮನೆಯವರು, ಅವಳಪ್ಪ, ಅವಳ ಹೆಸರೆತ್ತಿಲ್ಲ. ನನಗೂ ಫೋನ್ ಮಾಡಬೇಡ ಅಂದಿದ್ದಾರೆ. ನೋಡಬೇಡ ಅಂದಿಲ್ಲ. ನೋಡುತ್ತೇನೆ. ನಾನು ನೋಡಿದ್ದು ಅವಳಿಗೆ ಕಾಣುತ್ತದೆ. ಅಷ್ಟೇ ನಮ್ಮ ಮಾತುಕತೆ.

ಜನವರಿ 9

ಆ ಫೋಟೋ ತೆಗೆದಿಟ್ಟುಕೊಂಡಿದ್ದೆ. ಹಣೆ ಬರಿದು… ನೋಡಲಾಗಲಿಲ್ಲ. ಮೊಬೈಲಿನಲ್ಲೇ ಬೆರಳಿನಿಂದ ಮೂರು ಬಿಳಿ ಗೆರೆ ಎಳೆದೆ. ವಿಭೂತಿ. ಎಷ್ಟು ಚೆಂದ ಕಂಡಿತು! ತುಕ್ಕಾನಟ್ಟಿಯ ನಮ್ಮ ಹೆಂಗಸರ ಸಂಘ, ಅಕ್ಕನ ಬಳಗದ ಗ್ರೂಪಿಗೆ ಹಾಕಿದೆ — ನನ್ನ ಮೊಮ್ಮಗ, ಶರಣು ಶರಣಾರ್ಥಿ. ಎಲ್ಲರೂ ಕೈ ಮುಗಿದರು.

ಜನವರಿ 10

ಯಾರೋ ಅದನ್ನು ಹುಕ್ಕೇರಿಗೆ ಕಳಿಸಿದ್ದಾರೆ. ಎರಡು ವರ್ಷಕ್ಕೆ ನೇತ್ರಾಳ ಫೋನು.

"ಯವ್ವಾ, ಯಾರನ್ನ ಕೇಳಿ ಹಾಕಿದಿ? ನಮ್ಮ ಜೈನ ಬಸ್ತಿ ಮಂದಿಯೆಲ್ಲಾ ನಮ್ಮತ್ತಿನ ಕೇಳಾಕತ್ತಾರ, ಏನ್ರಿ ಮೊಮ್ಮಗಗ ವಿಭೂತಿ ಹಚ್ಚೀರಂತ."

"ತಪ್ಪಾತವ್ವಾ. ಅಳಸ್ತೇನಿ."

"ಊರ ಮಂದಿ ಮೊಬೈಲ್‌ದಾಗ ಹೋಗಿದ್ದನ್ನ ಹೆಂಗ ಅಳಸ್ತಿ?"

ಇಟ್ಟುಬಿಟ್ಟಳು. ಸಂಜೆಯಿಂದ ಅವಳ ಸ್ಟೇಟಸ್ ಕಾಣುತ್ತಿಲ್ಲ.

ಜನವರಿ 27

ದಿನಾ ಎದ್ದು ಅದೇ ನೋಡುತ್ತೇನೆ. ಖಾಲಿ. ಈಗ ಕೂಸು ಕೂರುತ್ತಿರಬಹುದು. ಹಲ್ಲು ಬಂದವೋ ಏನೋ… ಬಸವಣ್ಣಾ, ಬರೀ ನೋಡುವುದನ್ನೂ ಕಳೆದುಕೊಂಡೆನಲ್ಲ.

ಬಳಗದ ಸುಜಾತಾ ಬಂದಿದ್ದಳು. ಹುಕ್ಕೇರಿಯಲ್ಲಿ ಮಹಿಳೆಯರ ಸಭೆಯಂತೆ. ಮೊಬೈಲಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ನಾನು ಮಾತಾಡಬೇಕಂತೆ.

"ಗಾಡಿ ಪಲ್ಟಿ ಮಾಡಿದಾಕಿನ್ನ ದಾರಿ ಕೇಳ್ತಿಯೇನ?"

"ತಗ್ಗ ಎಲ್ಲೈತಿ ಅಂತ ಬಿದ್ದವರಿಗೇ ಗೊತ್ತಿರತೈತಿ, ಅಕ್ಕಾ. ನಿಮ್ಮ ಕಥೀನ ಹೇಳ್ರಿ. ಮಂದಿ ಕಣ್ಣೀರ ಒರಸ್ಕೋಬೇಕ ನೋಡ್ರಿ."

ಹೆದರಿಕೆಯಾದರೆ ಒಬ್ಬರ ಮುಖ ನೋಡಿ ಮಾತಾಡ್ರಿ ಅಂದಳು. ಹೂಂ ಅಂದೆ. ಹುಕ್ಕೇರಿ ಅಂದದ್ದಕ್ಕೆ ಹೂಂ ಅಂದೆ.

ಫೆಬ್ರುವರಿ 8, ಶನಿವಾರ. ಸಂಜೆ

ಹೋಗಿ ಬಂದೆ. ಮೈಕಿನ ಮುಂದೆ ನಿಂತೆ. ಒಂದು ಮುಖ ಹುಡುಕಿದೆ… ಸಿಕ್ಕಿದ್ದು ತಾರಾಬಾಯಿಯವರದು. ನೇತ್ರಾಳ ಅತ್ತೆ. ಫೋಟೋದಲ್ಲಿ ನೋಡಿದ್ದೆ. ಸೆರಗು ಬಿಗಿ ಹಿಡಿದು ಕೂತಿದ್ದರು.

ಕಥೆ ನಾಲಿಗೆ ತುದಿಗೆ ಬಂದಿತ್ತು. ಆಗ ತಿಳಿಯಿತು — ಇದನ್ನೂ ಮಗಳನ್ನು ಕೇಳಿಲ್ಲ. ಗ್ರೂಪಿಗೂ ಮೈಕಿಗೂ ಏನು ಫರಕು? ನುಂಗಿದೆ.

"ಸಿಟ್ಟಿನಾಗ ಏನೂ ಕಳಸಬ್ಯಾಡ್ರಿ. ಖರೆ ಐತೋ ಇಲ್ಲೋ ನೋಡಿ ಮುಂದ ಕಳಸ್ರಿ. ಮಂದಿ ಮಕ್ಕಳ ಫೋಟೋ ಕೇಳಲಾರದ ಹಾಕಬ್ಯಾಡ್ರಿ. ನಮ್ಮ ಮಕ್ಕಳದೂ," ಅಂದೆ.

ಹಿಂದೆ ಒಂದು ಕೂಸು ಅಳುತ್ತಿತ್ತು. ಮಾತು ತಪ್ಪುತ್ತಿತ್ತು. "ಹೊರಗ ಕರ್ಕೊಂಡ ಹೋಗ ತಂಗಿ," ಅಂದೆ, ಮೈಕಿನಲ್ಲೇ.

ಇಳಿದ ಮೇಲೆ ತಾರಾಬಾಯಿ ಬಂದರು. "ನಮ್ಮ ಮನಿ ಸುದ್ದಿ ತಗೀತೀರಿ ಅಂತ ಎದಿ ಹೊಡಕೋತಿತ್ರಿ. ತಗೀಲಿಲ್ಲ. ಛಲೋ ಆತು."

ಹೋಗುವವರು ತಿರುಗಿ ನಿಂತರು. "ಅಳಾಕತ್ತಿದ್ದು ಯಶ ರೀ. ನೇತ್ರಾ ಹಿಂದ ನಿಂತಿದ್ಲು."

ಹೊರಗೆ ಓಡಿದೆ. ಯಾರೂ ಇರಲಿಲ್ಲ.

ಫೆಬ್ರುವರಿ 9, ಸಂಜೆ

ನೇತ್ರಾ ವಾಯ್ಸ್ ಕಳಿಸಿದ್ದಾಳೆ. ಮಾತಿಲ್ಲ. ಕೂಸಿನ ದನಿ — ಗುರ್ ಅನ್ನುತ್ತದೆ, ಕೇಕೆ ಹಾಕುತ್ತದೆ. ಕೆಳಗೆ ಬರೆದಿದ್ದಾಳೆ, 'ನಿನಗ ಅಷ್ಟ. ಮತ್ಯಾರಿಗೂ ಬ್ಯಾಡ.'

ಕೇಳುತ್ತ ಕೂತಿದ್ದೆ. ಮನೆಯವರು ಹೊಲದಿಂದ ಬಂದವರು ಬಾಗಿಲಲ್ಲೇ ನಿಂತರು.

"ಯಾರದ ಅದು?"

ಮೊಬೈಲನ್ನು ಸೆರಗಿನಡಿ ಇಟ್ಟೆ. ಅವರು ಬಯ್ಯಲಿಲ್ಲ. ಒಳಗೆ ಬಂದು ಕೂತರು. ಗೋಡೆ ನೋಡುತ್ತ, "ಇನ್ನೊಮ್ಮೆ ಹಚ್ಚು," ಅಂದರು.

ಹಚ್ಚಲಿಲ್ಲ. ನೇತ್ರಾಗೆ ಬರೆದೆ — 'ನಿಮ್ಮಪ್ಪ ಇನ್ನೊಮ್ಮೆ ಹಚ್ಚು ಅಂತಾರ. ಕೇಳಸಲೇನು?'

ಇವರು ಪಕ್ಕದಲ್ಲೇ ಇದ್ದಾರೆ. ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಮೆಸೇಜಿನ ಗೆರೆ ನೀಲಿಯಾದವು, ಓದಿದ್ದಾಳೆ. ಟೈಪಿಂಗ್ ಅಂತ ಬಂತು. ನಿಂತಿತು. ಮತ್ತೆ ಬಂತು. ಉತ್ತರ ಬಂದಿದೆ, ಪೆನ್ನು ಇಡುತ್ತೇನೆ.