ಬಟ್ಟೆ ಹಗ್ಗದ ಆಚೆಯ ಗಿಡ

ಜುಲೈ 16, ಬೆಳಿಗ್ಗೆ 7

ಅಪ್ಪನಿಗೆ ಗಂಜಿ. ನಾಲ್ಕು ಚಮಚ. ಕಣ್ಣಿನ ಹಳದಿ ನಿನ್ನೆಯಷ್ಟೇ. ಆಮೇಲೆ ಗಾಂಜಾ ಗಿಡಗಳಿಗೆ ನೀರು, ಆರಕ್ಕೂ ಎರಡೆರಡು ಚೊಂಬು. ಐದು ಬೇಲಿಯುದ್ದಕ್ಕೆ, ಆರನೆಯದು ಬಚ್ಚಲ ಹಿಂದೆ, ಬಟ್ಟೆ ಹಗ್ಗದ ಆಚೆ. ಎಲ್ಲ ನನ್ನ ಸೊಂಟದೆತ್ತರ.

ದೊಡ್ಡಪ್ಪ ಖಮ್‌ಪನ್ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಬಂದರು. ಗೊಬ್ಬರಕ್ಕೆಂದು ಮೀನು ಕೊಳೆಸಿದ ನೀರು ಹೊಡೆಯಲು. ಎಂಟು ದಿನಕ್ಕೊಮ್ಮೆ ಬರುತ್ತೇನೆ, ಪಂಪು ನೀನು ಮುಟ್ಟಬೇಡ ಅಂದರು. ಪಂಪಿನ ಮುಚ್ಚಳ ತೆಗೆದಾಗ ಮೀನಿನ ನಾತದ ಜೊತೆ ಇನ್ನೊಂದು ವಾಸನೆ. ಸಿಹಿ, ಮೂಗಿಗೆ ಹತ್ತುವಂಥದು. ಗದ್ದೆಯ ಬದುವಿನಲ್ಲಿ ನಡೆಯುವಾಗ ಬರುತ್ತದಲ್ಲ, ಅದು. ಊರಿನ ಅರ್ಧ ಗದ್ದೆಗೆ ಕಳೆ ಔಷಧಿ ಹೊಡೆಯುವುದು ಇವರೇ. ಕೇಳೋಣ ಅನ್ನಿಸಿತು. ಬಿಸಿಲಲ್ಲಿ ಅಷ್ಟು ದೂರ ಹೊತ್ತು ತಂದವರನ್ನು, ಹಿರಿಯರನ್ನು... ಕೇಳಲಿಲ್ಲ. ತಣ್ಣೀರು ಕೊಟ್ಟೆ.

ಆರನೆಯದಕ್ಕೆ ಹೊಡೆಯಲಿಲ್ಲ. ಹಗ್ಗದ ಮೇಲೆ ಸೊಂಟಕ್ಕೆ ಸುತ್ತುವ ನನ್ನ ಎರಡು ಸಿನ್ ಒಣಗುತ್ತಿದ್ದವು. "ಹೆಂಗಸ್ರ ಸೊಂಟದ ಬಟ್ಟೆ ಕೆಳಗೆ ನುಸುಳಿದ್ರೆ ನನ್ನ ಕತ್ತಲ್ಲಿರೋ ಏಳು ತಾಯಿತಾನೂ ಸತ್ತೋಗ್ತವೆ ಮಗಾ. ಅದು ಹಂಗೇ ಇರ್ಲಿ," ಅಂದರು. ನಾಚಿಕೆಯಾಯಿತು. ಅವರೆದುರು ತೆಗೆಯುವುದಕ್ಕೂ ನಾಚಿಕೆ.

ಜುಲೈ 21

ಮೂರನೆಯ ಗಿಡದ ತುದಿ ಎಲೆ ಮುದುಡಿದೆ. ಬಿಸಿಲಿಗಿರಬಹುದು.

ಅಪ್ಪ ಮಂಚದಿಂದಲೇ, ಕಿಟಕಿಯಲ್ಲಿ, ಹೇಗಿವೆ ಅಂತ ಕೇಳಿದರು. ಚೆನ್ನಾಗಿವೆ ಅಂದೆ.

ಜುಲೈ 23

ಬಿಸಿಲಲ್ಲ. ಬೆಳಿಗ್ಗೆ ಆರಕ್ಕೇ ಮುದುಡಿರುತ್ತವೆ. ಒಂದು, ಎರಡು, ಮೂರು, ನಾಲ್ಕು.

ದೊಡ್ಡಪ್ಪನಿಗೆ ತೋರಿಸಿದೆ. ನುಸಿ ಅಂದರು. ನಾಳೆ ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಸೋಸಿ ಹೊಡೆಯುತ್ತಾರಂತೆ.

ಜುಲೈ 28, ಮಧ್ಯಾಹ್ನ

ಬಿಳಿ ಹಾಳೆಯ ಮೇಲೆ ಎಲೆ ಕುಟ್ಟಿ ನೋಡಿದೆ. ಏನೂ ಹರಿದಾಡಲಿಲ್ಲ. ನುಸಿಯಿಲ್ಲ. ನೀರು ಹೆಚ್ಚಾದರೆ ಎಲೆ ಉಗುರಿನಂತೆ ಕೆಳಕ್ಕೆ ಬಾಗುತ್ತದೆ, ಬಿಸಿಲಿಗಾದರೆ ಅಂಚು ಮೇಲಕ್ಕೆ ದೋಣಿಯಾಗುತ್ತದೆ. ಫೋನಿನಲ್ಲಿ ನೂರು ಫೋಟೋ ನೋಡಿದೆ. ಇದು ಎರಡೂ ಅಲ್ಲ. ಎಲೆಯ ಬೆರಳುಗಳು ತೆಳ್ಳಗೆ ಉದ್ದಕ್ಕೆ ಹೋಗಿ ತಿರುಚಿಕೊಂಡಿವೆ. ನರಗಳು ಒತ್ತೊತ್ತಾಗಿ. ಎಳೆ ಕಾಂಡ ಹಾವಿನಂತೆ ಹೊರಳಿದೆ.

ಅಪ್ಪ ನಕ್ಕರು. "ನಾಲ್ಕು ವರ್ಷ ಸಾಹಿತ್ಯ ಓದ್ದೋಳು ಒಂದು ಎಲೆ ಓದಕ್ಕಾಗ್ಲಿಲ್ವಾ ಫಾಯ್?" ನಗುವಾಗ ಪಕ್ಕೆ ಹಿಡಿದುಕೊಂಡರು.

ಆಗಸ್ಟ್ 2

ನಾಟಿವೈದ್ಯ ಥೊಂಗ್‌ಸಾ ಬಂದಿದ್ದರು. ಅವರು ಮೊದಲೇ ಹೇಳಿದ್ದು ಇಷ್ಟು: ಹೂ ಬಿಟ್ಟ ಗಿಡ ಕೊಟ್ಟರೆ ಎಣ್ಣೆ ಕಾಯಿಸಿಕೊಡುತ್ತೇನೆ, ಎರಡು ತೊಟ್ಟು ನಾಲಿಗೆ ಕೆಳಗೆ ಬಿಟ್ಟರೆ ನಿದ್ದೆ ಬರುತ್ತದೆ, ಅನ್ನ ಸೇರುತ್ತದೆ. ಪಿತ್ತನಾಳದ ಗಡ್ಡೆ ಕರಗುವುದಿಲ್ಲ. ಆಸ್ಪತ್ರೆಯವರು ಮೇ ತಿಂಗಳಲ್ಲೇ ಮನೆಗೆ ಕಳಿಸಿದ್ದಾರೆ. ಅಪ್ಪ ಬೇಡುತ್ತಿರುವುದೂ ನಿದ್ದೆಯನ್ನೇ. ಕೊಂಡು ತಂದ ಎಲೆಯಲ್ಲಿ ಥೊಂಗ್‌ಸಾ ಕಾಯಿಸುವುದಿಲ್ಲ. ಬೆಳೆದವರ ಕೈ ಗೊತ್ತಿರಬೇಕು.

ಇವತ್ತು ಗಿಡಗಳನ್ನು ಮುಟ್ಟಲಿಲ್ಲ. ಸುಮ್ಮನೆ ನೋಡಿದರು. ಇಂಥ ಎಲೆ ಕಾಯಿಸುವುದಿಲ್ಲ, ಹೀಗೇ ಇದ್ದರೆ ಹೂ ಬಿಟ್ಟರೂ ಬೇಡ ಅಂದರು. ಆಮೇಲೆ ದೊಡ್ಡಮ್ಮ ಲಮ್ಯೈಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ದೊಡ್ಡಮ್ಮ ಬಂದು ನನ್ನ ಕಿವಿಯಲ್ಲಿ—ಹೊರಗಾದ ದಿನಗಳಲ್ಲಿ ಗಿಡಗಳ ಹತ್ತಿರ ಹೋಗಿದ್ದೆಯಾ ಅಂತ. ಹೋಗಿದ್ದೆ. ನೀರು ಹಾಕಬೇಕಿತ್ತಲ್ಲ. ತಲೆಯಾಡಿಸಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಐದು ಗಿಡಗಳಿಗೆ ದೊಡ್ಡಮ್ಮನೇ ನೀರು ಹಾಕುತ್ತಾರೆ. ನನಗೆ ಬಚ್ಚಲ ಹಿಂದಿನದು ಮಾತ್ರ. ಅದರ ಒಂದು ಎಲೆಯೂ ಮುದುಡಿಲ್ಲ.

ಆಗಸ್ಟ್ 3

ಅದರ ಒಂದು ಎಲೆಯೂ ಮುದುಡಿಲ್ಲ! ನಿನ್ನೆ ಬರೆದದ್ದನ್ನು ಈಗ ಓದಿದೆ. ಹೊರಗಾದ ದಿನಗಳಲ್ಲಿ ನಾನು ಅತಿ ಹೆಚ್ಚು ಓಡಾಡಿದ್ದು ಅದರ ಹತ್ತಿರವೇ. ಬಚ್ಚಲು ಅಲ್ಲೇ.

ಆಗಸ್ಟ್ 9, ಸಂಜೆ 5

ನಿನ್ನೆ ದೊಡ್ಡಪ್ಪ ಹೊಡೆದು ಹೋದ ಮೇಲೆ ಬೇಲಿ ಪಕ್ಕ ಕೂತೆ. ಅದೇ ಸಿಹಿ ವಾಸನೆ. ಬೇಲಿಗೆ ಹಬ್ಬಿದ ಅಲಸಂದೆ ಬಳ್ಳಿ ಗಿಡದ ಕಡೆಗಿರುವ ಭಾಗದಲ್ಲಿ ಮುರುಟಿದೆ. ರಸ್ತೆ ಕಡೆಯ ಭಾಗ ನೆಟ್ಟಗಿದೆ. ಟೊಮೇಟೊ ಸಸಿಯೂ ಹಾಗೇ. ಗಾಳಿಗೆ ಹನಿ ಹಾರಿದಷ್ಟು ದೂರ.

ಪಂಪು. ಬೇರೇನೂ ಅಲ್ಲ. ಅವರು ತೊಳೆಯುತ್ತಾರೆ, ಕಾಲುವೆ ನೀರಲ್ಲಿ ಮೂರು ಸಲ, ನಾನೇ ಕಂಡಿದ್ದೇನೆ. ಆದರೂ ಕಳೆ ಔಷಧಿ ಕೊಳವೆಯಲ್ಲಿ, ಮೂತಿಯಲ್ಲಿ ಉಳಿಯುತ್ತದೆ. ಮೀನಿನ ನೀರು, ಬೆಳ್ಳುಳ್ಳಿ ನೀರು, ಕಳೆದ ವಾರದ ಬೇವಿನ ಕಷಾಯ—ಮದ್ದು ಬದಲಾಯಿತು, ಪಂಪು ಅದೇ. ಎಲೆ ಮುದುಡಿದಷ್ಟೂ ಅವರು ಹೆಚ್ಚು ಹೊಡೆದರು.

ಆರನೆಯದನ್ನು ಕಾದದ್ದು ನನ್ನ ಸಿನ್.

ಜುಲೈ 16ರ ಪುಟ ತೆಗೆದು ನೋಡಿದೆ. ಎಲ್ಲ ಬರೆದಿದ್ದೇನೆ. ವಾಸನೆ, ಗದ್ದೆ, ಎಲ್ಲ. ಬರೆದು, ನೀರು ಕೊಟ್ಟಿದ್ದೇನೆ.

ಆಗಸ್ಟ್ 10

ದೊಡ್ಡಪ್ಪನ ಮನೆ ಮೆಟ್ಟಿಲ ತನಕ ಹೋದೆ. ಅವರು ಊಟಕ್ಕೆ ಕೂತಿದ್ದರು. ನನ್ನನ್ನು ಕಂಡವರೇ ಅಪ್ಪನಿಗೆ ಸುಟ್ಟ ಮೀನು ಕಟ್ಟಿಕೊಟ್ಟರು, ಮುಳ್ಳು ತೆಗೆದು. ಅದನ್ನು ತೆಗೆದುಕೊಂಡು ವಾಪಸು ಬಂದೆ.

ಅಪ್ಪನಿಗೆ ಹೇಳಿದೆ. ಮೀನಿನ ಪೊಟ್ಟಣ ಪಕ್ಕಕ್ಕೆ ಸರಿಸಿದರು. ಆಮೇಲೆ, "ಅಣ್ಣಂಗೆ ಹೇಳ್ಬೇಡ," ಅಂದರು.

ಆದರೆ ಐದು ಗಿಡ—ಅಂದೆ.

"ಹಸಿ ಮೀನು ತಿನ್ನೋದು ನಂಗೆ ಕಲಿಸಿದ್ದೇ ಅವನು. ಹೊಟ್ಟೆಗೆ ಹುಳ ಹೋಗಿ ಗಡ್ಡೆ ಆಗಿದ್ದು ಅದರಿಂದ ಅಂತ ಡಾಕ್ಟ್ರು ಹೇಳ್ದಾಗ ಹೊರಗೆ ಹೋಗಿ ಗೋಡೆ ಹಿಡ್ಕೊಂಡು ನಿಂತಿದ್ದ. ಈಗ ಇದೂ ತನ್ನಿಂದಾನೇ ಅಂದ್ರೆ ಅವನು ಬದ್ಕಲ್ಲ ಫಾಯ್. ನಂಗೊಂದು ಗಿಡ ಸಾಕು."

ಪಂಪು ಬೇರೆ ತರಿಸೋಣ ಅಂದೆ. ಯಾಕೆ ಅಂತ ಕೇಳದೆ ಇರುತ್ತಾನಾ ಅಂದರು. ನಿಜ. ನನಗೆ ಸುಳ್ಳು ಬರುವುದಿಲ್ಲ. ಸುಮ್ಮನಿರುವುದು ಮಾತ್ರ ಬರುತ್ತದೆ.

ಆಗಸ್ಟ್ 11

ಹಗ್ಗದ ಮೇಲೆ ನಾಲ್ಕು ಸಿನ್. ಎರಡು ನನ್ನವು, ಎರಡು ಪೆಟ್ಟಿಗೆಯಿಂದ ತೆಗೆದ ಅಮ್ಮನವು. ಆರು ವರ್ಷದಿಂದ ಮಡಿಕೆಯಲ್ಲೇ ಇದ್ದವು. ಒಗೆದದ್ದಲ್ಲ, ಸುಮ್ಮನೆ ನೀರಲ್ಲಿ ಅದ್ದಿ ಹಾಕಿದೆ.

ಆಗಸ್ಟ್ 16

ದೊಡ್ಡಪ್ಪ ಬಂದರು. ಹಗ್ಗದ ಈಚೆಯೇ ನಿಂತು, ಈ ಮನೆಯಲ್ಲಿ ಇಬ್ಬರಿಗೆ ಎಷ್ಟು ಬಟ್ಟೆ ಅಂತ ಗೊಣಗಿದರು. ಐದಕ್ಕೂ ಹೊಡೆದರು. ಅಪ್ಪ ಕಿಟಕಿಯಿಂದ ಅವರ ಜೊತೆ ಎತ್ತಿನ ಕಥೆ ಹೇಳಿಕೊಂಡು ನಕ್ಕರು. ವಾರದಲ್ಲಿ ಅಪ್ಪ ನಗುವುದು ಆ ಅರ್ಧ ಗಂಟೆ.

ಆಗಸ್ಟ್ 30

ಒಂದು, ಮೂರು ಸತ್ತಿವೆ. ದೊಡ್ಡಪ್ಪ ಕಿತ್ತುಹಾಕಲು ಒಪ್ಪುತ್ತಿಲ್ಲ.

ಸೆಪ್ಟೆಂಬರ್ 14

ಅಪ್ಪ ಎರಡು ಚಮಚ. ಹಿಂದಿನ ಮೂರು ರಾತ್ರಿ ಗೋಡೆಗೊರಗಿ ಕೂತೇ ಇದ್ದರು.

ಸೆಪ್ಟೆಂಬರ್ 22, ಬೆಳಿಗ್ಗೆ

ಆರನೆಯದರ ಗಿಣ್ಣಿನಲ್ಲಿ ಬಿಳಿ ಕೂದಲಿನಂಥ ಎರಡು ಎಳೆ. ಹೆಣ್ಣು. ಹೂ ಬಿಡುತ್ತದೆ. ಒಂದು ಎಲೆ ಕಿತ್ತು ಅಪ್ಪನ ಅಂಗೈಯಲ್ಲಿಟ್ಟೆ. ಮೂಸಿ ನೋಡಿದರು. ಹಿಂದೆ ಕೋಳಿ ಸಾರಿಗೆ ಹಾಕುತ್ತಿದ್ದ ಎಲೆಯ ವಾಸನೆಯೇ ಅಂದರು.

ಥೊಂಗ್‌ಸಾ ನೋಡಿ ಹೋದರು. ಇನ್ನು ಆರು ವಾರ. ಈ ಗಿಡವನ್ನು ಕಾಯಿಸುತ್ತೇನೆ ಅಂದರು. ಅಪ್ಪ ಬೆರಳು ಮಡಿಚಿ ಎಣಿಸಿದರು. ನಾನು ಎಣಿಸಲಿಲ್ಲ.

ಸೆಪ್ಟೆಂಬರ್ 28

ಅಪ್ಪನಿಗೆ ಜ್ವರ. ನಡುಕ. ಪಟ್ಟಣದ ಆಸ್ಪತ್ರೆಗೆ. ಗಡಿಬಿಡಿಯಲ್ಲಿ ಹೊರಟದ್ದು. ಹಗ್ಗದ ಮೇಲೆ ಬಟ್ಟೆ ಇವೆ, ಅದನ್ನು ನೋಡಿಯೇ ಗಾಡಿ ಹತ್ತಿದೆ.

ಅಕ್ಟೋಬರ್ 4

ಬಂದೆವು. ಡಾಕ್ಟರು ಇನ್ನು ಕರೆತರುವ ಅಗತ್ಯವಿಲ್ಲ ಅಂದರು. ಮೆತ್ತಗೆ ಹೇಳಿದರು.

ಮನೆ ಗುಡಿಸಿ ಒರೆಸಿಟ್ಟಿದ್ದರು. ಒಲೆಯ ಮೇಲೆ ಅಂಟಕ್ಕಿ ಅನ್ನ. ನನ್ನ ಹಾಸಿಗೆಯ ಮೇಲೆ ನಾಲ್ಕು ಸಿನ್, ಇಸ್ತ್ರಿ ಮಾಡಿದಂತೆ ಮಡಿಸಿಟ್ಟಿದ್ದವು. ಅಮ್ಮನವು ಮೇಲೆ. ಮಳೆ ಬರುವಂತಿತ್ತು, ನೆನೆಯುತ್ತವೆ ಅಂತ ತೆಗೆದೆ ಅಂದರು ದೊಡ್ಡಮ್ಮ.

ಬಚ್ಚಲ ಹಿಂದೆ ಓಡಿದೆ. ದೊಡ್ಡಪ್ಪ ಅಲ್ಲೇ ನಿಂತಿದ್ದರು. ಪಂಪು ಇನ್ನೂ ಬೆನ್ನ ಮೇಲೆ, ಖಾಲಿ.

"ಐದನ್ನೂ ಉಳಿಸಕ್ಕಾಗ್ಲಿಲ್ಲ ಮಗಾ. ಇದಾದ್ರೂ ಗಟ್ಟಿಯಾಗ್ಲಿ ಅಂತ ಪೂರ್ತಿ ಪಂಪು ಇದಕ್ಕೇ ಹೊಡ್ದೆ. ಮೊನ್ನೇನೂ ಹೊಡ್ದೆ, ಇವತ್ತೂ ಹೊಡ್ದೆ." ಎಲೆಗಳಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. "ತಮ್ಮಂಗೆ ಹೇಳು."

ಕೈ ಮುಗಿದೆ. ತಣ್ಣೀರು ತಂದುಕೊಟ್ಟೆ.

ಅವರು ಹೋದ ಮೇಲೆ ಎಲೆಎಲೆಯನ್ನೂ ತೊಳೆದೆ. ಹದಿನೆಂಟು ಬಕೆಟ್ ನೀರು. ಬಿಳಿ ಎಳೆಗಳು ಆಗಲೇ ಕಂದಾಗಿದ್ದವು. ಮೊನ್ನೆಯದು ಒಳಗೆ ಹೋಗಿ ಆಗಿದೆ.

ಅಕ್ಟೋಬರ್ 5

ಏನೂ ಬದಲಾಗಿಲ್ಲ. ಅಥವಾ ನಾನು ಹತ್ತಿರದಿಂದ ನೋಡಲಿಲ್ಲ.

ಅಕ್ಟೋಬರ್ 7, ಬೆಳಿಗ್ಗೆ 6

ಅಪ್ಪ ಒಂದು ಚಮಚ. ಕಿಟಕಿಯ ಕಡೆಗೆ ತಿರುಗಿಸು ಅಂದರು. ತಿರುಗಿಸಿದೆ. ಗಿಡ ಅಲ್ಲಿಂದ ಕಾಣುವುದಿಲ್ಲ. ಹಗ್ಗ ಕಾಣುತ್ತದೆ.

"ಹಗ್ಗ ಖಾಲಿ ಇದೆಯಲ್ಲ ಫಾಯ್."

ಒಗೆಯೋದು ಏನೂ ಇರಲಿಲ್ಲ ಅಂದೆ. ನನ್ನ ಮುಖ ನೋಡಿದರು. ಮತ್ತೆ ಹಗ್ಗ ನೋಡಿದರು. ಅಣ್ಣ ಬಂದಿದ್ದನಾ ಅಂತ ಕೇಳಿದರು. ಬಂದಿದ್ದರು ಅಂದೆ. ಹ್ಞೂಂ ಅಂದು ಕಣ್ಣು ಮುಚ್ಚಿದರು. ನಿದ್ದೆ ಬಂದವರ ಹಾಗೆ. ನಿದ್ದೆಯಲ್ಲ, ಕೈಬೆರಳು ಒಂದೊಂದೇ ಬಿಚ್ಚುತ್ತಿದ್ದರು, ಮಡಿಚಿ ಎಣಿಸಿಟ್ಟದ್ದನ್ನು.

ನಾಲ್ಕು ಸಿನ್ ನೀರಿನಲ್ಲಿ ಅದ್ದಿ ಹಗ್ಗಕ್ಕೆ ಹಾಕಿ ಬಂದೆ. ಹಾಕುವಾಗ ನೋಡಿದೆ. ತುದಿ ಎಲೆಯ ಮಧ್ಯದ ಬೆರಳು ಸ್ವಲ್ಪ ತಿರುಚಿಕೊಂಡಿದೆ.